ಹಣ್ಣುಸಂಪಿಗೆಯ ಕಾವಲು

ಅತ್ತಿಗೆ ನಮ್ಮ ಮನೆಗೆ ಬಂದ ಹನ್ನೊಂದನೆಯ ದಿನ ಕಾಡು ಅವಳನ್ನು ಶತ್ರು ಎಂದು ಕರೆಯಿತು.

ನಾನಾಗ ಕೇಂದ್ರದ ವೀಕ್ಷಣಾ ಕೊಠಡಿಯಲ್ಲಿದ್ದೆ. ಗೋಡೆಯಗಲದ ಪರದೆಯ ಮೇಲೆ ಆರು ಸಾವಿರ ಹಸಿರು ಚುಕ್ಕೆಗಳು, ಒಂದೊಂದು ಚುಕ್ಕೆಗೂ ಒಂದೊಂದು ಹಣ್ಣುಸಂಪಿಗೆ ಮರ. ಬೆಳಿಗ್ಗೆ ಒಂಬತ್ತೂವರೆಗೆ ಮೂಡಣ ಇಳಿಜಾರಿನಲ್ಲಿ ಒಂದು ಚುಕ್ಕೆ ಕಪ್ಪಾಯಿತು. ನಾನು ಚಹಾ ಲೋಟ ಕೆಳಗಿಡುವಷ್ಟರಲ್ಲಿ ಅದರ ಪಕ್ಕದ್ದು, ಅದರಾಚೆಯದ್ದು, ನೋಡನೋಡುತ್ತಿದ್ದಂತೆ ಹದಿನಾಲ್ಕು. ಕ್ಯಾಮೆರಾ ತಿರುಗಿಸಿ ನೋಡಿದರೆ ಅಲ್ಲಿ ಕಳ್ಳರಿರಲಿಲ್ಲ. ಮದುವೆಯ ಬಳೆ ಇನ್ನೂ ಕಳಚದ ಪುಟ್ಟಲಕ್ಷ್ಮಿ ಅತ್ತಿಗೆ ಬುಟ್ಟಿ ಹಿಡಿದು ಮರದ ಕೆಳಗೆ ನಿಂತು, ಬಾಯಲ್ಲಿದ್ದ ಹಣ್ಣನ್ನು ಥೂ ಎಂದು ಉಗುಳುತ್ತಿದ್ದಳು.

ಹಣ್ಣುಸಂಪಿಗೆ ಎರಡಾಳೆತ್ತರದ ಕುಳ್ಳು ಕಾಡುಮರ. ಕಾಂಡದ ತುಂಬ ಕವಲೊಡೆದ ಮುಳ್ಳು, ಗೋಲಿಯಷ್ಟು ದಪ್ಪದ ಕೆಂಪು ಹಣ್ಣು. ನಮ್ಮ ಕಡೆಯವರು ಅಬ್ಳುಕ ಎನ್ನುತ್ತಾರೆ. ಮೊದಲೆಲ್ಲ ಅದನ್ನು ಮಕ್ಕಳು, ಮಂಗಗಳು ಬಿಟ್ಟರೆ ಕೇಳುವವರೇ ಇರಲಿಲ್ಲವಂತೆ. ಏಳು ವರ್ಷದ ಕೆಳಗೆ ಬೂದಿ ಜ್ವರ ಬಂತು. ಮೈ ಬೂದಿ ಬಣ್ಣಕ್ಕೆ ತಿರುಗಿದ ನಾಲ್ಕನೆಯ ದಿನ ಉಸಿರು ನಿಲ್ಲುತ್ತಿತ್ತು. ದಿನಕ್ಕೆ ಹತ್ತು ಅಬ್ಳುಕ ತಿಂದವರ ಹತ್ತಿರ ಜ್ವರ ಸುಳಿಯುವುದಿಲ್ಲ ಎಂದು ತಿಳಿದ ತಿಂಗಳಲ್ಲೇ ಘಟ್ಟದ ಮೇಲಿನಿಂದ ಜನ ಲಾರಿ ಕಟ್ಟಿಕೊಂಡು ನುಗ್ಗಿದರು. ಹಣ್ಣು ಮುಗಿದಾಗ ಕೊಂಬೆ ಮುರಿದರು, ಕೊಂಬೆ ಮುಗಿದಾಗ ಬುಡವನ್ನೇ ಕಡಿದು ಒಯ್ದರು. ಬೇರೆ ಕಡೆ ನೆಟ್ಟರೆ ಗಿಡವೇನೋ ಏಳುತ್ತಿತ್ತು, ಹಣ್ಣಿಗೆ ಗುಣ ಬರುತ್ತಿರಲಿಲ್ಲ.

ಆಮೇಲೆ ಮರಗಳನ್ನು ಕಾಯಲು ಸಂಶೋಧನಾ ಕೇಂದ್ರ ಬಂತು. ಅದರ ಮುಖ್ಯಸ್ಥ ಡಾಕ್ಟರ್ ಪದಕಣ್ಣಾಯರು ಅಳಿದುಳಿದ ಮರಗಳಿಗೆ ಎರಡು ವಿದ್ಯೆ ಕಲಿಸಿದರು. ವರ್ಷವಿಡೀ ಹಣ್ಣು ಬಿಡುವುದು ಒಂದು, ಮನುಷ್ಯರ ವಾಸನೆ ಹಿಡಿಯುವುದು ಇನ್ನೊಂದು. ಪತಂಗಕ್ಕೆ ಮೂಗು ಇರುವುದು ಮೀಸೆಯಲ್ಲಿ. ಆ ಮೂಗನ್ನು ಅವರು ಮರದ ತೊಗಟೆಗೆ ತಂದರು. ಪರಿಚಯದ ಕೈ ಮುಟ್ಟಿದರೆ ಮರ ಸುಮ್ಮನಿರುತ್ತದೆ. ಅಪರಿಚಿತ ಕೈ ತಾಗಿದರೆ ಕಾಲು ಗಂಟೆಯೊಳಗೆ ಬೇರಿನ ಕಹಿಯನ್ನು ಹಣ್ಣಿಗೆ ಏರಿಸುತ್ತದೆ, ಎಲೆಗಳಿಂದ ಒಂದು ಘಾಟು ಬಿಟ್ಟು ನೆರೆಮರಗಳಿಗೂ ಸುದ್ದಿ ಮುಟ್ಟಿಸುತ್ತದೆ. ಕಹಿಯಾದ ಮರದ ಚುಕ್ಕೆ ಪರದೆಯಲ್ಲಿ ಕಪ್ಪಾಗುತ್ತದೆ. ಆ ಕಹಿ ಒಂಬತ್ತು ದಿನ ಇಳಿಯುವುದಿಲ್ಲ. ತಿಂದರೆ ವಾಂತಿ, ಔಷಧಕ್ಕಂತೂ ಬಾರದು. ಕಳ್ಳರು ನಾಲ್ಕು ಸಲ ಬಂದು ವಾಂತಿ ಮಾಡಿಕೊಂಡು ಹೋದರು, ಐದನೆಯ ಸಲ ಬರಲಿಲ್ಲ. ಕೇಂದ್ರ ತನ್ನ ತಂತಿಬೇಲಿಯನ್ನೇ ಕಿತ್ತುಹಾಕಿತು.

ಹಣ್ಣು ಕೀಳುವ ನಾವು ನಲವತ್ತೆರಡು ಮನೆಯವರು ಕಾಡಿನಂಚಿನ ಲೈನ್ ಮನೆಗಳಲ್ಲಿದ್ದೆವು. ಹೊಸಬರು ಯಾರೇ ಬಂದರೂ ಮೊದಲು ಅವರ ಬೆವರಿನ ಬಟ್ಟೆಯನ್ನು ನಲವತ್ತು ದಿನ ಮರಗಳಿಗೆ ಕಟ್ಟಿ ಪರಿಚಯ ಮಾಡಿಸಬೇಕು. ಅತ್ತಿಗೆಯ ಬಟ್ಟೆ ಮದುವೆಗೆ ಮೊದಲೇ ಬಂದಿತ್ತು. ಕಟ್ಟಿದ್ದು ನನ್ನ ಅಮ್ಮನೇ. ಅಮ್ಮ, ಅಂದರೆ ಹೊನ್ನಕ್ಕ, ಕೀಳುವ ಹೆಂಗಸರಿಗೆಲ್ಲ ಮುಂದಾಳು.

ಮಧ್ಯಾಹ್ನ ಮನೆಗೆ ಬಂದಾಗ ಅಂಗಳದಲ್ಲಿ ಹೆಂಗಸರು ಮುತ್ತಿಕೊಂಡಿದ್ದರು.

“ಹದಿನಾಲ್ಕು ಮರ ಹೊನ್ನಕ್ಕ, ನಮ್ಮ ಪಾಲಿನದ್ದೇ! ಒಂಬತ್ತು ದಿನ ನಾವು ಎಂತ ತಿನ್ನುದು, ಇವಳ ಬಳೆಯಾ?” ಎಂದು ಪಕ್ಕದ ಮನೆಯ ಸುಂದರಿ ಕೂಗಿದಳು.

“ನನ್ನ ಹತ್ರ ಕೇಳ್ಬೇಡಿ,” ಅಮ್ಮ ಜಗಲಿಯಿಂದ ಇಳಿಯಲೂ ಇಲ್ಲ. “ಮಗ ಆರಿಸಿ ತಂದದ್ದು. ಮನುಷ್ಯರ ಕಣ್ಣಿಗೆ ಮಣ್ಣು ಹಾಕ್ಬಹುದು, ಮರದ್ದಕ್ಕೆ ಆಗುದಿಲ್ಲ.”

“ನಾನೇನ್ ಮಾಡ್ದೆ ಅತ್ತೆ? ಹೋಗಿ ಹಣ್ಣು ಕೀಳು ಅಂದ್ರಿ, ಕಿತ್ತೆ,” ಎಂದಳು ಅತ್ತಿಗೆ. ಅವಳ ತುಟಿ ಕಹಿಗೆ ಊದಿಕೊಂಡಿತ್ತು.

“ಮಾತು ನೋಡು! ಘಟ್ಟದ ನಾಲಿಗೆ!”

ಅಣ್ಣ ತೀರ್ಥರಾಮ ಕೇಂದ್ರದ ಲಾರಿಯಲ್ಲಿ ಆಸ್ಪತ್ರೆಗಳಿಗೆ ಹಣ್ಣು ಒಯ್ಯುವವನು, ಹೋದರೆ ಬರುವುದು ತಿಂಗಳಿಗೆ. ಪಿರಿಯಾಪಟ್ಟಣದ ಆಚೆಯ ಹಳ್ಳಿಯೊಂದರಲ್ಲಿ ಲಾರಿ ಕೆಟ್ಟು ನಿಂತಾಗ ನೀರು ಕೊಟ್ಟವಳನ್ನು ಮದುವೆಯಾಗಿ ಬಂದಿದ್ದ. ಅಮ್ಮ ಬೇಡವೆಂದಿರಲಿಲ್ಲ. ಬಂದ ಸೊಸೆಯನ್ನು ಸಂಪ್ರದಾಯದ ಪ್ರಕಾರ ಹತ್ತು ದಿನ ಹೊರಗೆ ಕಳಿಸದೆ ಕೂರಿಸಿದಳು. ಮದುಮಗಳು ಹಣ್ಣು ಯಾಕೆ ಜಗಿಯಬೇಕು ಎಂದು ದಿನಾ ತಾನೇ ಅಬ್ಳುಕ ಕಿವುಚಿ, ಬೆಲ್ಲ ಹಾಕಿ, ಶರಬತ್ತು ಮಾಡಿ ಕೈಗೆ ಕೊಡುತ್ತಿದ್ದಳು. ಲೈನಿನ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದರು.

ಕೇಂದ್ರದ ನಿಯಮ ಎಲ್ಲರಿಗೂ ಗೊತ್ತಿತ್ತು. ಮರ ಮೂರು ಸಲ ಒಲ್ಲೆ ಎಂದವರು ಲೈನ್ ಬಿಟ್ಟು ಹೋಗಬೇಕು. ಅತ್ತಿಗೆಗೆ ಹೋಗಲು ಇದ್ದದ್ದು ತವರು ಒಂದೇ. ಅಲ್ಲಿ ಮದುವೆಯಾದ ವಾರಕ್ಕೇ ಬೂದಿ ಜ್ವರ ಕಾಣಿಸಿಕೊಂಡು ಊರನ್ನು ಮುಚ್ಚಿದ್ದರು. ಒಳಗೆ ಹೋದವರು ಹೊರಗೆ ಬರುವ ಹಾಗಿರಲಿಲ್ಲ. ಅಲ್ಲಿಗೆ ಹಣ್ಣು ಹೋಗುತ್ತಿರಲಿಲ್ಲ, ದೊಡ್ಡ ಆಸ್ಪತ್ರೆಗಳಿಗೇ ಸಾಲುತ್ತಿರಲಿಲ್ಲ.

ನನಗೆ ತಿಳಿದಂತೆ ನಾನು ಕಾರಣ ಹುಡುಕಿದೆ. ಅಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ ಏಳು ಅಣ್ಣಂದಿರ ಒಬ್ಬಳೇ ತಂಗಿ ಮುಳ್ಳಿನ ಮರವಾಗುತ್ತಾಳೆ. ಹಣ್ಣು ಕೇಳಿ ಬಂದವರನ್ನೆಲ್ಲ, “ನಿನ್ನ ಗಂಟಲಲ್ಲಿ ಏನುಂಟು?” ಎಂದು ಕೇಳುತ್ತಾಳೆ. ಸುಳ್ಳು ನುಂಗಿಕೊಂಡು ಬಂದವಳ ಮಡಿಲಿಗೆ ಕಹಿ ಹಣ್ಣು ಉದುರಿಸುತ್ತಾಳೆ. ಯಂತ್ರಗಳ ಮುಂದೆ ಕೂತು ದುಡಿಯುವವಳಾದರೂ ನನ್ನ ತಲೆ ಓಡುವುದು ಆ ದಾರಿಯಲ್ಲೇ. ಅತ್ತಿಗೆಯನ್ನು ಬಾವಿಕಟ್ಟೆಯ ಹತ್ತಿರ ಕರೆದು ಕೇಳಿಬಿಟ್ಟೆ:

“ಅತ್ತಿಗೆ, ನೀವು ನಮ್ಮಿಂದ ಎಂತಾದ್ರೂ ಮುಚ್ಚಿಟ್ಟಿದ್ದೀರಾ?”

ಅವಳು ಕೊಡ ಕೆಳಗಿಟ್ಟು ಸೊಂಟಕ್ಕೆ ಕೈಯಿಟ್ಟಳು. “ಮುಚ್ಚಿಟ್ಟಿದೀನಿ ಕಣವ್ವ. ನಿಮ್ಮ ಸಾರಿಗೆ ತೆಂಗಿನಕಾಯಿ ಜಾಸ್ತಿ, ಗಂಟಲಲ್ಲಿ ಇಳಿಯಲ್ಲ. ಅದನ್ನ ಯಾರ್ಗೂ ಹೇಳಿರ್ನಿಲ್ಲ. ಸಾಕಾ? ನೀನು ಓದ್ದೋಳು, ನೀನಾದ್ರೂ ನ್ಯಾಯವಾಗಿ ಕೇಳ್ತೀಯ ಅಂದ್ಕಂಡಿದ್ದೆ.”

ನಾಚಿಕೊಂಡು ಕೊಡ ಎತ್ತಿಕೊಟ್ಟೆ. ಆದರೂ ನಂಬಿದೆನೆಂದರೆ ಸುಳ್ಳಾಗುತ್ತದೆ.

ಒಂಬತ್ತು ದಿನದ ಮೇಲೆ ಎರಡನೆಯ ಸಲ ಅವಳನ್ನು ಪಡುವಣ ಇಳಿಜಾರಿಗೆ ಕಳಿಸಿದರು. ಮೂವತ್ತೊಂದು ಮರ ಕಪ್ಪಾದವು. ಆ ದಿನ ಸಂಜೆ ನಮ್ಮ ಬಾಗಿಲಿಗೆ ಯಾರೋ ಸೆಗಣಿ ಎರಚಿದ್ದರು. ಲೈನಿನ ನಲ್ಲಿಯಲ್ಲಿ ಅವಳ ಕೊಡವನ್ನು ಒದ್ದು ಉರುಳಿಸಿದರು. ಡಾಕ್ಟರ್ ಪದಕಣ್ಣಾಯರು ಕೈಗವಸು ಸರಿಮಾಡಿಕೊಳ್ಳುತ್ತ ನನಗೆ ಹೇಳಿದರು: “ನಾಲ್ಕು ದಿನ ಬಿಟ್ಟು, ಶುಕ್ರವಾರ, ಎಲ್ಲರ ಎದುರು ಕೊನೆಯ ಪರೀಕ್ಷೆ. ನಿಮ್ಮ ಮನೆಯವಳು ಅಂತ ಬೇಜಾರು ಮಾಡ್ಬೇಡಿ ವೇದಾವತಿ. ಮರಕ್ಕೆ ನೆಂಟಸ್ತಿಕೆ ಗೊತ್ತಿಲ್ಲ.”

ಮೂರು ದಿನ ನಾನು ಹಳೆಯ ಚಿತ್ರಗಳನ್ನೆಲ್ಲ ಪರದೆಗೆ ತಂದು ನೋಡಿದೆ. ಎರಡು ಸಲವೂ ಅತ್ತಿಗೆ ಮಾಡಿದ್ದು ಎಲ್ಲರೂ ಮಾಡುವುದನ್ನೇ. ಬುಟ್ಟಿ ಕಟ್ಟಿದಳು, ಮುಳ್ಳು ತಪ್ಪಿಸಿ ಕೊಂಬೆ ಬಗ್ಗಿಸಿದಳು, ಕೀಳುತ್ತ ಕೀಳುತ್ತ ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡಳು. ನೂರು ಸಲ ನೋಡಿದ್ದೇನೋ. ಕೊನೆಗೆ ಅವಳ ಪಕ್ಕದಲ್ಲಿ ಅಮ್ಮನ ಚಿತ್ರ ಇಟ್ಟು ಎರಡನ್ನೂ ಒಟ್ಟಿಗೆ ಓಡಿಸಿದಾಗ ಕಂಡಿತು.

ನಾವು ಅಬ್ಳುಕವನ್ನು ಹಾಗೇ ತಿನ್ನುವುದಿಲ್ಲ. ಎರಡು ಅಂಗೈ ನಡುವೆ ಇಟ್ಟು, ಬತ್ತಿ ಹೊಸೆದ ಹಾಗೆ ಹೊಸೆಯುತ್ತೇವೆ. ಒಗರು ಹೋಗಿ ಒಳಗೆ ಸಿಹಿ ಬಿಡುತ್ತದೆ. ಹಾಲುಹಲ್ಲಿನ ಮಕ್ಕಳೂ ಹೊಸೆದೇ ತಿನ್ನುವುದು. ಯಾರೂ ಕಲಿಸುವುದಿಲ್ಲ, ಯಾರಿಗೂ ಅದು ನೆನಪಿನಲ್ಲಿ ಇರುವುದೂ ಇಲ್ಲ. ಘಟ್ಟದ ಮೇಲಿನ ಅತ್ತಿಗೆ ಹಣ್ಣನ್ನು ತೊಟ್ಟು ಹಿಡಿದು, ಸೀಬೆಕಾಯಿ ಕಚ್ಚಿದಂತೆ ಕಚ್ಚಿದ್ದಳು.

ಕೇಂದ್ರದ ಗಾಜಿನ ಮನೆಯಲ್ಲಿ ಕುಂಡದಲ್ಲಿಟ್ಟ ನಾಲ್ಕು ಮರಗಳಿದ್ದವು, ಒಂದರ ಘಾಟು ಇನ್ನೊಂದಕ್ಕೆ ತಾಗದ ಹಾಗೆ ಬೇರೆಬೇರೆ ಗೂಡುಗಳಲ್ಲಿ. ನಾನು ಅಂಗೈಯನ್ನು ಸ್ಪಿರಿಟ್ಟಿನಲ್ಲಿ ಚರ್ಮ ಉರಿಯುವಷ್ಟು ಉಜ್ಜಿ ತೊಳೆದು ಮೊದಲನೆಯ ಮರ ಮುಟ್ಟಿದೆ. ಆರು ವರ್ಷದಿಂದ ನನ್ನ ಹೆಸರು ಕೇಂದ್ರದ ಪಟ್ಟಿಯಲ್ಲಿದೆ. ಹನ್ನೆರಡು ನಿಮಿಷಕ್ಕೆ ಮರ ಕಹಿಯಾಯಿತು.

ಗ್ಯಾಸ್ ಸಿಲಿಂಡರ್ ಇಳಿಸಲು ಬಂದಿದ್ದ ಹಾಸನದ ಡ್ರೈವರನ್ನು ಒಳಗೆ ಕರೆದೆ. ಅವನ ಕೈಗೆ ಐದು ಹಣ್ಣು ಕೊಟ್ಟು, ಹೊಸೆಯುವುದನ್ನು ತೋರಿಸಿ, ತಿಂದ ಮೇಲೆ ಆ ಎರಡನೆಯ ಮರ ಮುಟ್ಟಿ ನಿಲ್ಲಿ ಎಂದೆ.

“ಇದೇನ್ ಮೇಡಂ, ಹರಕೆನಾ?”

“ಹೌದು ಅಂತ ತಿಳ್ಕೊಳ್ಳಿ.”

“ಕೈ ಮುಗಿಯೋದಾ, ಬರೀ ಮುಟ್ಟೋದಾ?”

“ಬರೀ ಮುಟ್ಟಿ.”

ಅವನು ಅರ್ಧ ಗಂಟೆ ಮರ ಹಿಡಿದು ನಿಂತು ತನ್ನ ಲಾರಿಯ ಕಷ್ಟಸುಖವೆಲ್ಲ ಹೇಳಿದ. ಮರ ಕಹಿಯಾಗಲಿಲ್ಲ.

ಆಮೇಲೆ ನೋಡಿದರೆ ವಿಷಯ ಸರಳ. ಹೊಸೆದಾಗ ಸಿಪ್ಪೆಯಿಂದ ಹೊರಡುವ ಎಣ್ಣೆ ಬೆವರಿನ ಜೊತೆ ಸೇರಿ ಅಂಗೈಯಲ್ಲಿ ನಾಲ್ಕೈದು ದಿನ ನಿಲ್ಲುತ್ತದೆ, ಸೋಪಿಗೆ ಜಗ್ಗುವುದಿಲ್ಲ. ಮೊದಲ ನಲವತ್ತು ದಿನ ಮರಗಳಿಗೆ ಪರಿಚಯವಾದವರೆಲ್ಲ ಹೊಸೆದು ತಿನ್ನುವವರೇ. ಅಷ್ಟು ಜನರ ಅಷ್ಟು ವಾಸನೆಗಳ ನಡುವೆ ಎಲ್ಲರಲ್ಲೂ ಇದ್ದದ್ದು ಅದೊಂದೇ. ಮರ ಅದನ್ನು ಹಿಡಿದುಕೊಂಡು ಮಿಕ್ಕಿದ್ದನ್ನು ಬಿಟ್ಟಿತ್ತು. ಹೊಸಬರ ಬಟ್ಟೆಯನ್ನು ಕಟ್ಟುವವರ ಕೈಯಲ್ಲೂ ಅದೇ ಎಣ್ಣೆ. ನಲವತ್ತು ದಿನದಲ್ಲಿ ಆ ಹೊಸಬರೂ ಲೈನಿನವರನ್ನು ನೋಡಿ ಹೊಸೆಯಲು ಕಲಿತಿರುತ್ತಿದ್ದರು. ಡಾಕ್ಟರರಿಗೆ ತಿಳಿಯದ್ದಕ್ಕೂ ಕಾರಣವಿತ್ತು. ಅವರು ಕೈಗವಸು ಇಲ್ಲದೆ ಮರ ಮುಟ್ಟುವವರಲ್ಲ. ಹಣ್ಣನ್ನು ಮಾತ್ರೆ ಮಾಡಿ ನುಂಗುವವರು.

ಮನೆಗೆ ಓಡಿದೆ. ಅಮ್ಮ ಅಡುಗೆಮನೆಯಲ್ಲಿ ಮೆಟ್ಟುಕತ್ತಿಯ ಮಣೆಯ ಮೇಲೆ ಕೂತು ತೊಂಡೆಕಾಯಿ ಹೆಚ್ಚುತ್ತಿದ್ದಳು.

“ಅಮ್ಮಾ, ಅತ್ತಿಗೆ ಹಣ್ಣು ಹೊಸೆಯುದಿಲ್ಲ! ಅಷ್ಟೇ ಕಾರಣ. ಮರಕ್ಕೆ ಬೇಕಾದ್ದು ಹೊಸೆದ ಕೈ. ಯಾರ ಕೈ ಆದ್ರೂ ಆಗ್ತದೆ!”

ಅಮ್ಮ ಇನ್ನೆರಡು ತೊಂಡೆಕಾಯಿ ಹೆಚ್ಚಿದಳು. “ಗೊತ್ತಾಯ್ತಾ ನಿನಗೆ,” ಎಂದಳು.

“ಮೊದಲೇ ಗೊತ್ತಿತ್ತಾ ಅಮ್ಮ?” ಎಂದೆ.

“ಎರಡನೇ ವರ್ಷ ಸುಂದರಿಯ ಕೈ ಸುಟ್ಟು ಪಟ್ಟಿ ಕಟ್ಟಿದ್ದು ನೆನಪುಂಟಾ? ಒಂದು ತಿಂಗಳು ಅವಳಿಗೆ ಗಂಡ ತಿನ್ನಿಸಿದ. ಪಟ್ಟಿ ಬಿಚ್ಚಿ ಮರ ಮುಟ್ಟಿದ್ಲು, ಕಹಿ. ಮನೆಗೆ ಬಂದು ನಾಲ್ಕು ಹಣ್ಣು ಹೊಸೆದು ತಿಂದು ಬೇರೆ ಮರ ಮುಟ್ಟಿದ್ಲು, ಎಂತದೂ ಇಲ್ಲ. ಅವತ್ತಿಂದ ಕೀಳುವ ಹೆಂಗಸರಿಗೆಲ್ಲ ಗೊತ್ತುಂಟು. ಗಂಡಸರಿಗೆ ಹೇಳ್ಲಿಲ್ಲ. ಕೇಂದ್ರದವರಿಗೂ ಹೇಳ್ಲಿಲ್ಲ. ನೀನು ಕೇಂದ್ರದವಳು.”

“ಹಾಗಾದ್ರೆ ಆ ಶರಬತ್ತು...”

“ಹೌದು. ಅವಳು ಹೊಸೆಯುದು ಬೇಡ ಅಂತಲೇ ಮಾಡಿ ಕೊಟ್ಟದ್ದು. ವಿಷ ಹಾಕ್ಲಿಲ್ಲ ಅಲ್ವಾ?”

“ಅಮ್ಮ, ಅವಳನ್ನು ಜ್ವರದ ಊರಿಗೆ ಕಳಿಸ್ತಾರೆ. ಸಾಯ್ತಾಳೆ.”

ಅಮ್ಮ ಮಣೆಯಿಂದ ಎದ್ದಳು. “ಅವಳಿಗೆ ಹೇಳಿದ್ರೆ ಅವಳ ಊರಿಗೆ ಹೇಳಿದ ಹಾಗೆ. ಊರಿಗೆ ಊರೇ ಬಂದು ಹೊಸೀಲಿಕ್ಕೆ ಕೂತ್ರೆ ನಮಗೆ ಎಂತ ಉಳೀತದೆ? ನಿನ್ನ ಅಪ್ಪ ಮರ ತಬ್ಬಿಕೊಂಡು ನಿಂತದ್ದು ನೀನೂ ನೋಡಿದ್ದಿ. ಲಾರಿ ಕಟ್ಟಿ ಬಂದವ್ರು ಮರ ಕಡಿವ ಕತ್ತಿ ಅವರ ಮೈಗೂ ಹಾಕಿದ್ದು ನೋಡಿದ್ದಿ. ಯಾವ ಊರಿನವ್ರು ಅಂತ ನಾನು ಕೇಳ್ಲಿಕ್ಕೆ ಹೋಗ್ಲಿಲ್ಲ. ಘಟ್ಟದವ್ರು. ನನಗೆ ಅಷ್ಟು ಸಾಕು.”

“ಅವಳು ಕಡೀಲಿಲ್ಲಲ್ಲ?”

“ಅವಳು ಸಾಯುದು ಬೇಡ. ಇಲ್ಲಿ ಬೇಡ, ಅಷ್ಟೆ. ನೀನು ಬಾಯಿ ಬಿಟ್ರೆ ನೀನು ನನ್ನ ಮಗಳಲ್ಲ.”

ಅಮ್ಮನ ಸಂಕಟ ನನಗೆ ಗೊತ್ತಿಲ್ಲದ್ದಲ್ಲ. ಅಪ್ಪನ ರಕ್ತ ಆ ತೊಗಟೆಯ ಮುಳ್ಳುಗಳಲ್ಲಿ ಒಣಗಿದ್ದನ್ನು ಮಳೆ ತೊಳೆಯುವವರೆಗೆ ನಾನೂ ದಿನಾ ನೋಡಿದ್ದೆ. ಆದರೆ ಹಿತ್ತಿಲಲ್ಲಿ ಒಬ್ಬಳು ತನ್ನ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು. ನಾನು ಹೋಗಿ ಅವಳ ಅಂಗೈ ಬಿಡಿಸಿ, ಒಂದು ಹಣ್ಣಿಟ್ಟು, ಇನ್ನೊಂದು ಅಂಗೈಯನ್ನು ಅದರ ಮೇಲೆ ಮುಚ್ಚಿದೆ. ಎಲ್ಲ ಹೇಳಿದೆ.

ಅತ್ತಿಗೆ ಅಂಗೈ ಬಿಡಿಸಿ ಹಣ್ಣನ್ನು ನೋಡಿದಳು. “ಹತ್ತು ದಿವ್ಸ ಶರಬತ್ತು ಕೊಟ್ರಲ್ಲ,” ಎಂದಳು. “ನಮ್ಮವ್ವಂಗೆ ಫೋನ್ ಮಾಡಿ, ಇಂಥ ಅತ್ತೆ ಯಾರ್ಗೂ ಸಿಕ್ಕಾಕಿಲ್ಲ ಅಂತ ಹೊಗಳಿದ್ನಲ್ಲವ್ವ.”

ಶುಕ್ರವಾರ ಬೆಳಿಗ್ಗೆ ಲೈನಿನವರೆಲ್ಲ ಬಡಗಣ ಇಳಿಜಾರಿನ ದೊಡ್ಡ ಮರದ ಸುತ್ತ ಸೇರಿದರು. ಕೆಲವರು ಅವಳ ಪೆಟ್ಟಿಗೆಯನ್ನು ಆಗಲೇ ರಸ್ತೆಗೆ ತಂದಿಟ್ಟಿದ್ದರು. ಸುಂದರಿ, “ಬಸ್ಸಿಗೆ ಹೊತ್ತಾಯ್ತು, ಬೇಗ ಮುಟ್ಟಿಸಿ!” ಎಂದಾಗ ಎಲ್ಲರೂ ನಕ್ಕರು. ಅತ್ತಿಗೆ ಯಾರನ್ನೂ ನೋಡದೆ ಹೋಗಿ ಎರಡೂ ಅಂಗೈಯನ್ನು ತೊಗಟೆಗೆ ಒತ್ತಿದಳು. ಎಷ್ಟು ಜೋರಾಗಿ ಒತ್ತಿದಳೆಂದರೆ ಬೆರಳ ಸಂದಿಯಲ್ಲಿ ಮುಳ್ಳು ಚುಚ್ಚಿ ರಕ್ತ ಬಂತು. ಕಾಲು ಗಂಟೆ, ಅರ್ಧ ಗಂಟೆ. ಡಾಕ್ಟರು ಹಣ್ಣು ಕಿತ್ತು ಯಂತ್ರಕ್ಕೆ ಹಾಕಿ, ಹುಬ್ಬೇರಿಸಿ, “ಸಿಹಿ,” ಎಂದರು. “ಪರಿಚಯ ಸ್ವಲ್ಪ ತಡವಾಗಿ ಹಿಡಿದಿದೆ. ಇರ್ಬಹುದು.”

ಗಂಡಸರು ಚದುರಿದರು. ಹೆಂಗಸರು ಕದಲಲಿಲ್ಲ. ಅವರು ನೋಡುತ್ತಿದ್ದುದು ಅತ್ತಿಗೆಯನ್ನಲ್ಲ, ನನ್ನನ್ನು.

ಮನೆಗೆ ಬಂದು ಅತ್ತಿಗೆ ಪೆಟ್ಟಿಗೆಯನ್ನು ತಾನೇ ಒಳಗೆ ಎಳೆದಿಟ್ಟಳು. ಅಮ್ಮನ ಎದುರು ಬಂದು ನಿಂತು ನೇರವಾಗಿ ಹೇಳಿದಳು:

“ಅತ್ತೆ, ನಾಳೆ ಮಧ್ಯಾನ್ಕೆ ನಮ್ಮೂರೋರು ಬತ್ತಾರೆ. ಊರ ಕಾವಲು ತಪ್ಪಿಸ್ಕಂಡು ಹಳ್ಳದ ದಾರೀಲಿ ಬಾ ಅಂತ ನಮ್ಮವ್ವಂಗೆ ಹೇಳಿದೀನಿ. ಹಳ್ಳದತ್ರ ನಾನೇ ಬುಟ್ಟಿ ಹಣ್ಣು ತಗೊಂಡೋಗಿ ಹೊಸೆಸ್ತೀನಿ. ಕದ್ದು ಮಾಡಾಕೆ ಇಷ್ಟ ಇಲ್ಲ, ಅದ್ಕೇ ಹೇಳ್ತಿವ್ನಿ. ಅರವತ್ತು ಜನ ಅವ್ರೆ. ಹಣ್ಣು ತಿಂದು ಬದುಕ್ತಾರೆ, ಅಷ್ಟೇಯ.”

“ಅವತ್ತು ಬಂದವ್ರೂ ತಿನ್ಲಿಕ್ಕೆ ಅಂತಲೇ ಬಂದದ್ದು,” ಎಂದಳು ಅಮ್ಮ.

ಮರುದಿನ ಮಧ್ಯಾಹ್ನ ನಾನು ಪರದೆಯ ಮುಂದೆ ಕೂತಿದ್ದೆ. ಹಳ್ಳದ ಕಡೆಯ ಕ್ಯಾಮೆರಾವನ್ನು ಬೇಕೆಂದೇ ಬಾನಿಗೆ ತಿರುಗಿಸಿದ್ದೆ. ಅವರು ಬಂದಿದ್ದಾರೋ, ಎಷ್ಟು ಜನವೋ, ಕೈಯಲ್ಲಿ ಕತ್ತಿ ಇದೆಯೋ, ಒಂದೂ ಗೊತ್ತಿರಲಿಲ್ಲ. ಬಾಗಿಲು ತೆರೆದು ಅಮ್ಮ ಒಳಗೆ ಬಂದಳು. ಕೈಯಲ್ಲಿ ನನ್ನ ಬುತ್ತಿ. ಅದನ್ನು ಮೇಜಿನ ಮೇಲಿಟ್ಟು, ಆಚೆ ಕೂತಿದ್ದ ಡಾಕ್ಟರರ ಎದುರು ಹೋಗಿ ನಿಂತಳು.

“ಸಾರ್, ಒಂದು ವಿಷಯ ಹೇಳ್ಬೇಕು. ನಿಮ್ಮ ಪಟ್ಟಿ, ಬಟ್ಟೆ ಕಟ್ಟುದು ಎಲ್ಲ ಲೊಳಲೊಟ್ಟೆ. ಮರಕ್ಕೆ ಜನ ಗೊತ್ತಾಗುದಿಲ್ಲ. ಹಣ್ಣು ಅಂಗೈಯಲ್ಲಿ ಹೊಸೆದವ್ರು ಯಾರು ಮುಟ್ಟಿದ್ರೂ ಅದು ಸುಮ್ಮನಿರ್ತದೆ. ಇವತ್ತೇ ಬೇರೆ ವಿದ್ಯೆ ಕಲಿಸಿ. ಹಳ್ಳದ ಕಡೆಗೆ ಜನ ಕಳಿಸಿ.”

ನಾಲ್ಕೈದು ವರ್ಷ ನಲವತ್ತೆರಡು ಮನೆಯ ಹೆಂಗಸರು ನಾಲಿಗೆ ಕಚ್ಚಿ ಹಿಡಿದದ್ದನ್ನು ಅಮ್ಮ ಒಂದೇ ಉಸಿರಿಗೆ ಬಿಟ್ಟುಕೊಟ್ಟಿದ್ದಳು.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ಎಂತದು ಹೊನ್ನಕ್ಕ, ಹೊಸೆದ್ರೆ ಆಯ್ತಾ? ಹಾಗಾದ್ರೆ ನಾನು ಇಷ್ಟು ವರ್ಷ ಇಲ್ಲಿ ಬತ್ತಿ ಹೊಸೀತಾ ಇದ್ದದ್ದಾ?” ತಮ್ಮ ಮಾತಿಗೆ ತಾವೇ ನಕ್ಕರು. ಆಮೇಲೆ, ನಗು ಪೂರ್ತಿ ಮುಗಿಯುವ ಮೊದಲೇ, ನನ್ನ ಕಡೆ ತಿರುಗಿದರು. “ಅಲ್ಲ ವೇದಾವತಿ, ಗಾಜಿನ ಮನೆಯ ಒಂದು ಮರ ಮೊನ್ನೆ ಕಹಿಯಾಗಿತ್ತು ಅಂತ ಉಂಟಲ್ಲ. ನಿಮ್ಮ ದಾಖಲೆಯಲ್ಲಿ ಇಂಥದ್ದು ಎಂತಾದ್ರೂ ಕಂಡಿದೆಯಾ?”

ಅಮ್ಮ ನನ್ನನ್ನೇ ನೋಡುತ್ತಿದ್ದಳು. ನನಗೆ ಅಪ್ಪ ನೆನಪಾದರು. ಹಳ್ಳದಲ್ಲಿ ನಿಂತಿರಬಹುದಾದ, ನಾನು ಕಂಡಿಲ್ಲದ ಅರವತ್ತು ಮುಖಗಳ ಬಣ್ಣ ಆಗಲೇ ಬೂದಿಗೆ ತಿರುಗಿರಬಹುದೇ ಎಂಬ ಯೋಚನೆಯೂ ಬಂತು.

“ಇಲ್ಲ ಸಾರ್,” ಎಂದೆ. “ಅದು ಸ್ಪಿರಿಟ್ ಚೆಲ್ಲಿ ಆದದ್ದು. ಹಳ್ಳದ ಕಡೆ ಯಾರೂ ಕಾಣುದಿಲ್ಲ. ಅಮ್ಮ ಹೇಳುದು ಅಜ್ಜಿಕಥೆ.”

“ನನಗೂ ಹಾಗೇ ಅನ್ನಿಸ್ತು,” ಎಂದು ಡಾಕ್ಟರು ಕನ್ನಡಕ ಏರಿಸಿಕೊಂಡರು.

“ಸರಿ ಸಾರ್, ನನಗೆ ಪ್ರಾಯ ಆಯ್ತು,” ಎಂದು ಅಮ್ಮ ಸೆರಗು ಸಿಕ್ಕಿಸಿ ಹೊರಟಳು. ಬಾಗಿಲವರೆಗೆ ಹೋದವಳು ತಿರುಗಿ ಬಂದು, ನನ್ನ ಮೇಜಿನ ಮೇಲಿಂದ ಬುತ್ತಿಯನ್ನು ಎತ್ತಿಕೊಂಡಳು. ಇನ್ನೂ ಬಿಸಿಯಿತ್ತು; ಮುಚ್ಚಳದ ಕೆಳಗಿಂದ ತೊಂಡೆಕಾಯಿ ಪಲ್ಯದ ವಾಸನೆ ಬರುತ್ತಿತ್ತು.

“ನಿನ್ನ ಕಡೆಯವ್ರು ಬರ್ತಾರಲ್ಲ,” ಎಂದಳು. “ಅವರ ಜೊತೆಗೇ ಉಣ್ಣು. ರಾತ್ರಿಗೂ ಅಲ್ಲೇ.”

ಅವಳ ಹೆಜ್ಜೆ ಮೆಟ್ಟಿಲಿಳಿಯುವವರೆಗೆ ನಾನು ಎದ್ದು ನಿಂತೇ ಇದ್ದೆ.

“ಯಾರು ಬರುದು ವೇದಾವತಿ?” ಡಾಕ್ಟರು ತಲೆ ಎತ್ತದೆ ಕೇಳಿದರು. “ನೆಂಟರಾ?”

“ಹೌದು ಸಾರ್,” ಎಂದೆ. “ನೆಂಟರು.”